ಜಮಾ-ಖರ್ಚಿನ ಪುಟದಲ್ಲಿ ಮನುಷ್ಯ

ದೀಪಾವಳಿಯ ಸಂಜೆ ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿಯೂ ಮೊಳಕಾಲ್ಮುರಿನ ರೇಷ್ಮೆ ಸೀರೆಯ ಅಂಗಡಿಗಳಲ್ಲಿಯೂ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ-ಕುಂಕುಮವಿಟ್ಟು ಪೂಜಿಸುವ ವಾಡಿಕೆಯಿದೆ. ಮೊದಲ ಪುಟದಲ್ಲಿ ‘ಶುಭ’ ಎಂದು ಬರೆದ ಮೇಲೆಯೇ ‘ಲಾಭ’ ಎಂದು ಬರೆಯುವುದು ಸಂಪ್ರದಾಯ. ಗಣಕಯಂತ್ರ ಬಂದು ವಹಿಗಳು ಮೂಲೆ ಸೇರಿದ ಮನೆಗಳಲ್ಲಿಯೂ ಈ ಪೂಜೆ ನಿಂತಿಲ್ಲ. ಇದರ ಹಿಂದೆ ವ್ಯಾಪಾರಿ ಸಮಾಜದ ಒಂದು ದೃಢವಾದ ನಂಬಿಕೆಯಿದೆ. ಜಮೆಯೂ ಖರ್ಚೂ ತಾಳೆಯಾದರೆ, ಒಂದು ಕಾಸೂ ಮರೆಯಾಗದಿದ್ದರೆ, ಬರೆದವನ ನಡತೆಯೂ ಶುದ್ಧವೆಂಬುದೇ ಆ ನಂಬಿಕೆ. ಸುಳ್ಳು ಲೆಕ್ಕ ಪಾಪ, ನಿಜವಾದ ಲೆಕ್ಕ ಪುಣ್ಯ ಎಂಬಲ್ಲಿಗೆ ನಮ್ಮ ಬಹುಪಾಲು ವಾಣಿಜ್ಯನೀತಿ ಮುಗಿದುಹೋಗುತ್ತದೆ.

ಈ ನಂಬಿಕೆಯನ್ನು ಬುಡಸಹಿತ ಅಲುಗಿಸುವ ಒಂದು ಇಂಗ್ಲಿಷ್ ಗ್ರಂಥವು 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಪ್ರಕಟವಾಯಿತು. ‘ಅಕೌಂಟಿಂಗ್ ಫಾರ್ ಸ್ಲೇವರಿ’ ಎಂಬ ಈ ಗ್ರಂಥದ ಕರ್ತೃ ಕೈಟ್ಲಿನ್ ರೊಸೆಂಥಾಲ್. ವ್ಯವಹಾರ ಸಲಹಾ ಸಂಸ್ಥೆಯೊಂದರಲ್ಲಿ ದುಡಿದು ಅನಂತರ ಇತಿಹಾಸದ ಅಧ್ಯಯನಕ್ಕೆ ಬಂದವರಾದ ಕಾರಣ, ಅವರಿಗೆ ಲೆಕ್ಕದ ಪುಸ್ತಕವನ್ನು ಓದುವ ಕಣ್ಣು ಇದೆ. ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳ ಹಾಗೂ ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳ ಒಡೆಯರು ತಮ್ಮ ಗುಲಾಮರ ಕುರಿತು ಇಟ್ಟ ಲೆಕ್ಕಪತ್ರಗಳೇ ಇದರ ವಸ್ತು. ದೂರದೇಶದ ಈ ಕಥೆ ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ ವ್ಯಾಪಾರಿಗೆ ಏಕೆ ಬೇಕೆಂಬ ಪ್ರಶ್ನೆ ಸಹಜ. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದರೆ ಮೊದಲು ಗ್ರಂಥವು ಏನನ್ನು ತೋರಿಸುತ್ತದೆಂಬುದನ್ನು ಅರಿಯಬೇಕು.

ಹದಿನೆಂಟನೆಯ ಶತಮಾನದ ಜಮೈಕಾ, ಬಾರ್ಬಡೋಸ್ ದ್ವೀಪಗಳ ಅನೇಕ ಕಬ್ಬಿನ ತೋಟಗಳ ಒಡೆಯರು ವಾಸವಿದ್ದುದು ಇಂಗ್ಲೆಂಡಿನಲ್ಲಿ. ತೋಟವನ್ನು ಕಣ್ಣಿನಿಂದ ಕಾಣದ ಒಡೆಯನಿಗೆ ಕಾಗದವೇ ಕಣ್ಣಾಗಬೇಕಾಯಿತು. ಆದ್ದರಿಂದ ಕೆಲಸದ ದಿನಚರಿ, ಸಕ್ಕರೆ ಮತ್ತು ರಮ್ಮಿನ ಉತ್ಪತ್ತಿ, ದಾಸ್ತಾನು, ಮನುಷ್ಯರ ಪಟ್ಟಿ, ದನಕರುಗಳ ಪಟ್ಟಿ ಇವೆಲ್ಲ ನಿಗದಿತ ನಮೂನೆಗಳಲ್ಲಿ ಸಿದ್ಧವಾಗಿ ಹಡಗಿನಲ್ಲಿ ಸಮುದ್ರ ದಾಟುತ್ತಿದ್ದವು. ಕಬ್ಬನ್ನು ಕಡಿದ ಮೇಲೆ ಬೇಗನೆ ಅರೆಯದಿದ್ದರೆ ರಸ ಹುಳಿಯುತ್ತದೆ. ಆದ ಕಾರಣ ಸುಗ್ಗಿಯ ತಿಂಗಳುಗಳಲ್ಲಿ ಗಾಣವೂ ಕುದಿಯುವ ಕೊಪ್ಪರಿಗೆಗಳೂ ರಾತ್ರಿಯಿಡೀ ನಡೆಯಬೇಕಾಗಿತ್ತು. ಹಗಲು ಹೊಲದಲ್ಲಿ ದುಡಿದವರನ್ನೇ ಪಾಳಿಯ ಮೇಲೆ ರಾತ್ರಿಯೂ ದುಡಿಸುತ್ತಿದ್ದರು. ಯಾರನ್ನು ಎಲ್ಲಿ, ಎಷ್ಟು ಹೊತ್ತು ನಿಲ್ಲಿಸಬೇಕೆಂಬ ಈ ಲೆಕ್ಕಾಚಾರವನ್ನು ನಮೂನೆಗಳು ಸುಲಭಗೊಳಿಸಿದವು.

ಆ ನಮೂನೆಗಳಲ್ಲಿ ಒಂದಕ್ಕೆ ‘ವೃದ್ಧಿ ಮತ್ತು ಹ್ರಾಸ’ ಎಂದು ಹೆಸರು. ಗುಲಾಮ ತಾಯಿಗೆ ಮಗು ಹುಟ್ಟಿದರೆ ವೃದ್ಧಿಯ ಕಡೆಗೆ ಒಂದು ಅಂಕಿ, ಒಬ್ಬ ಮನುಷ್ಯ ಸತ್ತರೆ ಹ್ರಾಸದ ಕಡೆಗೆ ಒಂದು ಅಂಕಿ. ಹಸು ಕರು ಹಾಕಿದ್ದೂ ಹೇಸರಗತ್ತೆ ಸತ್ತದ್ದೂ ಅದೇ ಕ್ರಮದಲ್ಲಿ ನಮೂದಾಗುತ್ತಿತ್ತು. ವರ್ಷದ ಕೊನೆಗೆ ಎರಡೂ ಬದಿ ತಾಳೆಯಾದರೆ ಲೆಕ್ಕ ಸರಿ. ಅಮೆರಿಕದ ತೋಟಗಳಲ್ಲಿ ಮನುಷ್ಯನನ್ನು ‘ಕೈ’ ಎಂದು ಎಣಿಸಿದರು. ಗಟ್ಟಿಮುಟ್ಟಾದ ಯುವಕ ಒಂದು ಪೂರ್ಣ ಕೈ. ಗರ್ಭಿಣಿ, ಬಾಲಕ, ಮುದುಕ ಇವರು ಮುಕ್ಕಾಲು, ಅರ್ಧ, ಕಾಲು ಕೈ. ಇಡಿಯ ಮನುಷ್ಯನನ್ನು ಭಿನ್ನರಾಶಿಯನ್ನಾಗಿ ಮಾಡಿದ ಈ ಅಳತೆಯಿಂದ ಎಕರೆಗೆ ಎಷ್ಟು ಕೈ ಬೇಕು, ಪ್ರತಿ ಕೈಗೆ ಎಷ್ಟು ಉತ್ಪತ್ತಿ ಬಂತು ಎಂಬುದನ್ನು ಸಲೀಸಾಗಿ ತೆಗೆಯಬಹುದಾಗಿತ್ತು.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಮಿಸಿಸಿಪ್ಪಿಯಲ್ಲಿ ನೆಲೆಸಿದ ಥಾಮಸ್ ಅಫ್ಲೆಕ್ ಎಂಬಾತನು 1840ರ ದಶಕದ ಕೊನೆಯ ವರ್ಷಗಳಲ್ಲಿ ಇಂತಹ ಲೆಕ್ಕಕ್ಕೆಂದೇ ಅಚ್ಚಾದ ಪುಸ್ತಕಗಳನ್ನು ಮಾರಾಟಕ್ಕೆ ತಂದನು. ಹತ್ತಿಯ ತೋಟಕ್ಕೆ ಒಂದು ಬಗೆ, ಸಕ್ಕರೆಯ ತೋಟಕ್ಕೆ ಇನ್ನೊಂದು ಬಗೆ. ಪ್ರತಿಯೊಬ್ಬ ಗುಲಾಮನ ಹೆಸರು, ವಯಸ್ಸು, ವರ್ಷದ ಆರಂಭದ ಬೆಲೆ, ವರ್ಷಾಂತ್ಯದ ಬೆಲೆ ಇವುಗಳಿಗೆ ಅದರಲ್ಲಿ ಅಂಕಣಗಳಿದ್ದವು. ವಾಣಿಜ್ಯಶಾಸ್ತ್ರ ಓದಿದ ಯುವಕರು ಯಂತ್ರಕ್ಕೆ ಸವಕಳಿ ಹಾಕುವುದನ್ನು ಕಲಿತಿರುತ್ತಾರೆ. ಅಫ್ಲೆಕ್‌ನ ಪುಸ್ತಕದಲ್ಲಿ ಸವಕಳಿ ಬಿದ್ದುದು ಮನುಷ್ಯನ ಮೇಲೆ. ಬೆಳೆಯುತ್ತಿರುವ ಹುಡುಗನ ಬೆಲೆ ಏರಿದುದು ಒಡೆಯನಿಗೆ ಲಾಭ, ಬಾಗಿದ ಬೆನ್ನಿನ ಮುದುಕನ ಬೆಲೆ ಇಳಿದುದು ನಷ್ಟ. ತೋಟದ ಪಟ್ಟಿಗಳಲ್ಲಿ ವೃದ್ಧರ ಹೆಸರಿನ ಮುಂದೆ ಎಷ್ಟೋ ಸಲ ಸೊನ್ನೆ ಮಾತ್ರ ಇರುತ್ತಿತ್ತು.

ಇಲ್ಲಿ ಒಂದೂ ಸುಳ್ಳು ನಮೂದಿಲ್ಲ ಎಂಬುದನ್ನು ಗಮನಿಸಬೇಕು. ಸುಳ್ಳು ಬರೆದರೆ ಲಂಡನ್ನಿನ ಒಡೆಯನಿಗೇ ಮೋಸವಾಗುತ್ತಿತ್ತು. ಬರೆದ ಗುಮಾಸ್ತನ ಅಕ್ಷರ ದುಂಡು, ಕೂಡಿದ ಮೊತ್ತ ಖಚಿತ. ಕ್ರೌರ್ಯವು ಲೆಕ್ಕದ ತಪ್ಪಿನಿಂದ ಹುಟ್ಟಲಿಲ್ಲ. ಲೆಕ್ಕದ ಶುದ್ಧಿಯೇ ಅದಕ್ಕೆ ಊರುಗೋಲಾಯಿತು. ಆಧುನಿಕ ಆಡಳಿತ ಪದ್ಧತಿಯ ಚರಿತ್ರೆಯನ್ನು ರೈಲುಮಾರ್ಗ, ಕಾರ್ಖಾನೆಗಳಿಂದ ಆರಂಭಿಸಿ, ಗುಲಾಮರ ತೋಟಗಳನ್ನು ಹಳೆಯ ಕಾಲದ ಮಂದ ವ್ಯವಸ್ಥೆಯೆಂದು ಬದಿಗಿಡುತ್ತಿದ್ದ ವಿದ್ವಾಂಸರಿಗೆ ರೊಸೆಂಥಾಲ್ ಕೊಟ್ಟ ಉತ್ತರ ಇದೇ. ಬಿಟ್ಟುಹೋಗುವ ಸ್ವಾತಂತ್ರ್ಯ ಆಳಿಗೆ ಇಲ್ಲದಿದ್ದುದರಿಂದಲೇ ವರ್ಷದಿಂದ ವರ್ಷಕ್ಕೆ ಅವರ ದುಡಿಮೆಯನ್ನು ಅಳೆದು ಹೋಲಿಸುವುದು ಒಡೆಯರಿಗೆ ಸಾಧ್ಯವಾಯಿತೆಂದು ಅವರು ತೋರಿಸುತ್ತಾರೆ. ಗ್ರಂಥದ ಬಹುದೊಡ್ಡ ಗುಣ ಇದು.

ಗುಲಾಮಗಿರಿಯ ಅಂತ್ಯವೂ ಒಂದು ಲೆಕ್ಕದ ಕೆಲಸವಾಗಿಯೇ ನಡೆಯಿತು. 1833ರ ಕಾಯಿದೆಯ ಮೂಲಕ ಬ್ರಿಟಿಷ್ ಸಂಸತ್ತು ಗುಲಾಮರ ಒಡೆಯರಿಗೆ 2 ಕೋಟಿ ಪೌಂಡುಗಳ ಪರಿಹಾರ ನಿಗದಿ ಮಾಡಿತು. ಅದು ಆಗಿನ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಶೇಕಡಾ 40ರಷ್ಟು. ತಲೆಗಳನ್ನು ವರ್ಗವಾರು ಎಣಿಸಿ, ಬೆಲೆ ಕಟ್ಟಿ, ಒಡೆಯರಿಗೆ ಹಣ ಪಾವತಿಯಾಯಿತು. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಬಿಡುಗಡೆಯಾದವರಿಗೆ ಸಂದದ್ದು ಒಂದು ಪೆನ್ನಿಯೂ ಇಲ್ಲ. ಬದಲಿಗೆ 1838ರವರೆಗೆ ‘ಉಮೇದುವಾರಿ’ಯ ಹೆಸರಿನಲ್ಲಿ ಅವರು ಹಳೆಯ ಒಡೆಯನಿಗೇ ಬಿಟ್ಟಿ ದುಡಿಯಬೇಕಾಯಿತು. ಕಳೆದುಕೊಂಡವನು ಯಾರೆಂದು ಪುಸ್ತಕ ನಿರ್ಣಯಿಸಿತು. ಪುಸ್ತಕ ಇದ್ದದ್ದು ಒಡೆಯನ ಕೈಯಲ್ಲಿ.

ಗ್ರಂಥದ ಮಿತಿ ತೋರುವುದೂ ಇಲ್ಲಿಯೇ. ಲೇಖಕಿಯ ದೃಷ್ಟಿ ಅಟ್ಲಾಂಟಿಕ್ ಸಾಗರದ ಎರಡು ದಡಗಳನ್ನು ದಾಟುವುದಿಲ್ಲ. ಆದರೆ 1833ರ ಕಾಯಿದೆಯೇ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತ್ತು. ಇಲ್ಲಿ ದಾಸ್ಯಕ್ಕೆ ನ್ಯಾಯಾಲಯಗಳ ಮಾನ್ಯತೆ ತಪ್ಪಿದ್ದು 1843ರ 5ನೆಯ ಕಾಯಿದೆಯಿಂದ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಹೊಲದ ಆಳುಗಳನ್ನು ಮಾರುವ, ಒತ್ತೆಯಿಡುವ, ಗುತ್ತಿಗೆಗೆ ಕೊಡುವ ಮೂರು ಬಗೆಯ ವ್ಯವಹಾರಗಳನ್ನು ದಾಖಲಿಸಿದ್ದಾನೆ. ಇತ್ತ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮರ ಬಿಡುಗಡೆಯಾದೊಡನೆ ಸಕ್ಕರೆಯ ತೋಟಗಳಿಗೆ ಬೇಕಾದ ಕೈಗಳನ್ನು ಒದಗಿಸಿದ್ದೂ ಭಾರತವೇ. 1834ರಿಂದ ಮಾರಿಷಸ್ಸಿಗೆ, 1838ರಿಂದ ಬ್ರಿಟಿಷ್ ಗಯಾನಾಕ್ಕೆ ಹಡಗು ಹತ್ತಿದವರು ಹೆಬ್ಬೆಟ್ಟು ಒತ್ತಿದ ಒಪ್ಪಂದದ ಹೆಸರಿನಿಂದಲೇ ‘ಗಿರ್ಮಿಟಿಯ’ರೆನಿಸಿಕೊಂಡರು. ಈ ಭರ್ತಿ ನಿಂತದ್ದು 1917ರಲ್ಲಿ. ಸಕ್ಕರೆಯ ಲೆಕ್ಕವನ್ನು ಬರೆಯುವವರು ಈ ಅಧ್ಯಾಯವನ್ನು ಬಿಡುವಂತಿಲ್ಲ.

ಇನ್ನೂ ಮುಖ್ಯವಾದ ಕೊರತೆಯೊಂದಿದೆ. ಬರೆದಿಟ್ಟ ಲೆಕ್ಕದಿಂದ ಮನುಷ್ಯ ಬಂಧಿತನಾಗುವ ಬಗೆಯನ್ನು ಗ್ರಂಥ ಚೆನ್ನಾಗಿ ತಿಳಿಸುತ್ತದೆ. ಬರೆಯದೆ ಬಿಟ್ಟ ಲೆಕ್ಕದಿಂದಲೂ ಅವನು ಅಷ್ಟೇ ಬಿಗಿಯಾಗಿ ಬಂಧಿತನಾಗಬಲ್ಲ. ಇದನ್ನು ತಿಳಿಯಲು ಕನ್ನಡ ನಾಡಿನ ಜೀತಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಜೀತ ಎಂಬ ಶಬ್ದಕ್ಕೆ ಮೂಲದಲ್ಲಿ ಸಂಬಳವೆಂದೇ ಅರ್ಥ. ಆಂಧ್ರದ ಗಡಿಗೆ ತಾಗಿದ ಮೊಳಕಾಲ್ಮುರಿನ ಸಂತೆಯಲ್ಲಿ ತೆಲುಗು ಮಾತನಾಡುವವರು ಈಗಲೂ ಸಂಬಳಕ್ಕೆ ‘ಜೀತಂ’ ಎನ್ನುತ್ತಾರೆ. ಅದೇ ಶಬ್ದ ಕನ್ನಡದಲ್ಲಿ ಸಂಬಳವಿಲ್ಲದ ದುಡಿಮೆಗೆ ಹೆಸರಾಯಿತು. ಶಬ್ದದ ಅರ್ಥ ತಲೆಕೆಳಗಾದ ಈ ಪರಿಯಲ್ಲೇ ವ್ಯವಸ್ಥೆಯ ಮರ್ಮ ಅಡಗಿದೆ. ಮಗಳ ಮದುವೆಗೋ ತಂದೆಯ ತಿಥಿಗೋ ಕಾಯಿಲೆಗೋ ಒಂದಿಷ್ಟು ಹಣ ಪಡೆದವನು ಸಾಹುಕಾರನ ಮನೆಯಲ್ಲಿ ಆಳಾಗಿ ನಿಲ್ಲುತ್ತಾನೆ. ದುಡಿಮೆ ಬಡ್ಡಿಗೆ ಸಂದಿತು, ಅಸಲು ಹಾಗೆಯೇ ಉಳಿಯಿತು. ಮೈ ಹುಷಾರಿಲ್ಲದೆ ತಪ್ಪಿದ ದಿನಗಳು ಸಾಲಕ್ಕೆ ಸೇರಿದವು. ತಂದೆಯ ಬಾಕಿಗೆ ಮಗ ಬಂದು ನಿಂತ.

ವ್ಯಾಪಾರಿಗಳಿಗೆ ಪರಿಚಿತವಾದ ರೀತಿಯಲ್ಲಿ ಇದನ್ನು ಒಂದು ಕಲ್ಪಿತ ಖಾತೆಯಿಂದ ಪರೀಕ್ಷಿಸಬಹುದು. ಆಳು ಪಡೆದ ಸಾಲ 1000 ರೂಪಾಯಿ, ಬಡ್ಡಿ ನೂರಕ್ಕೆ ವರ್ಷಕ್ಕೆ 24 ಎಂದಿಟ್ಟುಕೊಳ್ಳೋಣ. ಊರಿನ ಕೂಲಿ ದಿನಕ್ಕೆ 5 ರೂಪಾಯಿಯಾದರೆ 300 ದಿನಗಳ ದುಡಿಮೆಯ ಬೆಲೆ 1500 ರೂಪಾಯಿ. ಊಟ, ಬಟ್ಟೆ, ಕಂಬಳಿಗೆಂದು 700 ರೂಪಾಯಿಯನ್ನು ಧಾರಾಳವಾಗಿಯೇ ಕಳೆದರೂ 800 ರೂಪಾಯಿ ಅವನ ಜಮೆಗೆ ಬರಬೇಕು. ಅದರಲ್ಲಿ ಬಡ್ಡಿ 240 ಹೋಗಿ 560 ಅಸಲಿಗೆ ಸಂದು, ಮೊದಲ ವರ್ಷದ ಕೊನೆಗೆ ಉಳಿಯುವ ಬಾಕಿ 440. ಎರಡನೆಯ ವರ್ಷ ಮುಗಿಯುವ ಮುನ್ನವೇ ಸಾಲ ಪೂರ್ತಿ ತೀರಿ, ವರ್ಷಾಂತ್ಯದಲ್ಲಿ ಸಾಹುಕಾರನೇ ಆಳಿಗೆ ಇನ್ನೂರೈವತ್ತಕ್ಕೂ ಹೆಚ್ಚು ರೂಪಾಯಿ ಕೊಡಬೇಕಾಗುತ್ತದೆ. ಆದರೆ ಜೀತದ ಖಾತೆಯಲ್ಲಿ ಇಪ್ಪತ್ತು ವರ್ಷಗಳ ಅನಂತರವೂ 1000 ರೂಪಾಯಿ 1000 ರೂಪಾಯಿಯಾಗಿಯೇ ಇರುತ್ತದೆ. ಕೂಡುವಲ್ಲಿ ಕಳೆಯುವಲ್ಲಿ ಎಲ್ಲಿಯೂ ತಪ್ಪಿಲ್ಲ. ದುಡಿಮೆಯನ್ನು ಜಮೆ ಮಾಡುವ ಅಂಕಣವೇ ಆ ಪುಟದಲ್ಲಿಲ್ಲ, ಅಷ್ಟೆ.

ಜಮೈಕಾದ ಒಡೆಯನಿಗೆ ಮನುಷ್ಯನೇ ಆಸ್ತಿ. ಆದ್ದರಿಂದ ಅವನ ಪ್ರತಿ ದಿನವನ್ನೂ ಬರೆದಿಟ್ಟ. ನಮ್ಮ ಸಾಹುಕಾರನಿಗೆ ಸಾಲವೇ ಆಸ್ತಿ. ಆದ್ದರಿಂದ ಸಾಲವನ್ನು ಮಾತ್ರ ಬರೆದು ದಿನಗಳನ್ನು ಬಿಟ್ಟ. ಒಂದು ಕಡೆ ತುಂಬಿದ ಪುಟ, ಇನ್ನೊಂದು ಕಡೆ ಖಾಲಿ ಪುಟ; ಫಲ ಒಂದೇ. ಹಾಗಾದರೆ ಲೆಕ್ಕದ ಧರ್ಮಾಧರ್ಮಗಳನ್ನು ಅಳೆಯುವ ಅಳತೆ ಅಕ್ಷರದ ಅಂದವಲ್ಲ, ಮೊತ್ತದ ನಿಖರತೆಯೂ ಅಲ್ಲ. ಯಾರ ಹೆಸರಿನಲ್ಲಿ ಲೆಕ್ಕವಿದೆಯೋ ಅವನು ಅದನ್ನು ಓದಬಲ್ಲನೇ, ಪ್ರಶ್ನಿಸಬಲ್ಲನೇ, ಮುಗಿಸಿ ಎದ್ದು ಹೋಗಬಲ್ಲನೇ ಎಂಬ ಮೂರು ಪ್ರಶ್ನೆಗಳೇ ನಿಜವಾದ ಅಳತೆ. ರೊಸೆಂಥಾಲ್ ಅವರ ಗ್ರಂಥ ಈ ಪ್ರಶ್ನೆಗಳ ಹೊಸ್ತಿಲಿನವರೆಗೆ ಓದುಗನನ್ನು ಕರೆತಂದು ನಿಲ್ಲುತ್ತದೆ.

ಭಾರತದ ಶಾಸನವು ಈ ಹೊಸ್ತಿಲನ್ನು ದಾಟಿತೆಂಬುದು ಸಮಾಧಾನದ ಸಂಗತಿ. 1975ರ ಅಕ್ಟೋಬರ್ 25ರಿಂದ ಜಾರಿಯಾಗಿ 1976ರಲ್ಲಿ ಕಾಯಿದೆಯಾದ ಜೀತ ಪದ್ಧತಿ ರದ್ದತಿ ಶಾಸನವು ಆಳನ್ನು ಬಿಡಿಸಿದ್ದಲ್ಲದೆ ಅವನ ಜೀತಸಾಲವನ್ನೂ ಅಳಿಸಿತು. ಅದು ಜೀತಸಾಲವಲ್ಲವೆಂದು ಸಾಧಿಸುವ ಹೊಣೆಯನ್ನು ಸಾಲಿಗನ ಮೇಲೆ ಬಿಡದೆ ಸಾಲ ಕೊಟ್ಟವನ ಮೇಲೆ ಹೊರಿಸಿತು. ಅದೇ 1976ರಲ್ಲಿ ದೇವರಾಜ ಅರಸು ಅವರ ಸರ್ಕಾರದ ಕರ್ನಾಟಕ ಋಣ ಪರಿಹಾರ ಕಾಯಿದೆಯೂ ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿಯಡಿ ಬಲಾತ್ಕಾರದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿತು. ಬಲಾತ್ಕಾರದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡ ಸಾಲವಿದೆಯೆಂದೇ ಭಾವಿಸಬೇಕೆಂದು 1983ರ ಡಿಸೆಂಬರಿನಲ್ಲಿ ಹೇಳಿತು. ಆಳಿನ ಬಳಿ ಚೀಟಿ ಇಲ್ಲವೆಂಬುದು ಅವನ ದೋಷವಲ್ಲವೆಂದು ಕೊನೆಗೂ ಒಪ್ಪಿದಂತಾಯಿತು. 1978-79ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಹತ್ತು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ಜೀತದಾಳುಗಳ ಸಂಖ್ಯೆಯನ್ನು ಸುಮಾರು 26 ಲಕ್ಷವೆಂದು ಅಂದಾಜಿಸಿತ್ತೆಂಬುದನ್ನು ನೆನೆದರೆ ರೋಗದ ವಿಸ್ತಾರ ತಿಳಿಯುತ್ತದೆ.

ಕಾಯಿದೆಯಿಂದ ಪದ್ಧತಿಯ ಹೆಸರು ಅಳಿಯಿತು. ರೀತಿ ಪೂರ್ತಿಯಾಗಿ ಅಳಿದಿಲ್ಲ. ಮಹಾರಾಷ್ಟ್ರ ಹಾಗೂ ಗಡಿಭಾಗದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಹೋಗುವವರಲ್ಲಿ ಗಂಡಹೆಂಡಿರ ಜೋಡಿಗೆ ‘ಒಂದು ಕೊಯ್ತಾ’ ಎಂದು ಲೆಕ್ಕ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಒಬ್ಬರೇ ಬಂದರೆ ‘ಅರ್ಧ ಕೊಯ್ತಾ’. ಸುಗ್ಗಿಗೆ ಮೊದಲೇ ಮುಕಾದಮನ ಕೈಯಿಂದ ಪಡೆದ ಮುಂಗಡವನ್ನು ದುಡಿದು ತೀರಿಸಬೇಕು. ತಪ್ಪಿದ ದಿನಕ್ಕೆ ದಂಡ ಬೀಳುತ್ತದೆ. ಮಿಸಿಸಿಪ್ಪಿಯಲ್ಲಿ ಅರ್ಧ ಕೈ, ಇಲ್ಲಿ ಅರ್ಧ ಕತ್ತಿ. ಇವರು ಗುಲಾಮರಲ್ಲ, ಕಾನೂನು ಇವರನ್ನು ಸ್ವತಂತ್ರರೆಂದೇ ಕಾಣುತ್ತದೆ. ಈ ಭೇದವನ್ನು ಮರೆಯುವುದು ಇಬ್ಬರಿಗೂ ಅನ್ಯಾಯ. ಆದರೂ ಮನುಷ್ಯನ ಹೆಸರು ಅಳಿದು ಅಲ್ಲಿ ಹತಾರದ ಹೆಸರು ಬಂದ ಪುಸ್ತಕವನ್ನು ಕಂಡಾಗ ಸಕ್ಕರೆಯ ಹಳೆಯ ಲೆಕ್ಕ ನೆನಪಾಗದೆ ಇರದು.

ಮೊಳಕಾಲ್ಮುರಿನ ಮಗ್ಗಗಳ ಕಡೆಗೂ ಒಮ್ಮೆ ನೋಡಬೇಕು. ಕೈಮಗ್ಗದ ಊರುಗಳಲ್ಲಿ ಕೂಲಿ ನೇಯ್ಗೆಯವನಿಗೆ ರೇಷ್ಮೆಯ ಹಾಸು, ಹೊಕ್ಕು, ಜರಿಗಳನ್ನು ಮಾಲೀಕನೇ ಕೊಡುತ್ತಾನೆ. ಜೊತೆಗೆ ಒಂದು ಮುಂಗಡವೂ ಇರುತ್ತದೆ. ನೇಕಾರನು ಅದೇ ಮಾಲೀಕನ ಬಳಿ ಇರುವಷ್ಟು ಕಾಲ ಆ ಮುಂಗಡದ ಮಾತೇ ಬರುವುದಿಲ್ಲ. ಬೇರೆಡೆ ಹೋಗುವೆನೆಂದ ದಿನ ಅದು ಪೂರ್ತಿ ಎದ್ದು ನಿಲ್ಲುತ್ತದೆ. ಎಷ್ಟೋ ಮಾಲೀಕರು ಇದನ್ನು ಉಪಕಾರವೆಂದೇ ನಂಬಿ ಕೊಡುತ್ತಾರೆ. ಕಷ್ಟಕಾಲದಲ್ಲಿ ಅದು ಉಪಕಾರವೂ ಹೌದು. ಮಳೆ ಕೈಕೊಟ್ಟ ವರ್ಷ ಚಳ್ಳಕೆರೆಯ ಸುತ್ತಿನ ಶೇಂಗಾ ಬೆಳೆಗಾರನಿಗೆ ಬೀಜಕ್ಕೆಂದು ಮಂಡಿಯಿಂದ ದೊರೆಯುವ ಕೈಗಡವೂ ಹಾಗೆಯೇ. ಪ್ರಶ್ನೆ ಕೊಟ್ಟ ಕೈಯ ಕರುಣೆಯದಲ್ಲ. ಪಡೆದವನಿಗೆ ತನ್ನ ಖಾತೆ ಕಾಣುತ್ತದೆಯೇ, ಅದಕ್ಕೆ ಕೊನೆಯ ದಿನವೊಂದಿದೆಯೇ ಎಂಬುದರದು. ಕೊನೆಯಿಲ್ಲದ ಉಪಕಾರ ನಿಧಾನವಾಗಿ ಹಗ್ಗವಾಗುತ್ತದೆ.

ಇಲ್ಲಿ ಶ್ರಾವಕ ಸಮಾಜ ತನ್ನ ಶಾಸ್ತ್ರವನ್ನೂ ಪ್ರಾಮಾಣಿಕವಾಗಿ ತೆರೆದು ನೋಡಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಸಾಲಿನಲ್ಲೇ ದಾಸಿಯರೂ ದಾಸರೂ ಬರುತ್ತಾರೆ. ಮನುಷ್ಯರು ಸ್ವತ್ತಿನ ಪಟ್ಟಿಯಲ್ಲಿದ್ದ ಕಾಲದ ಗುರುತು ಅದು, ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆಚಾರ್ಯರು ಆ ಸ್ವತ್ತಿಗೆ ಮಿತಿ ಹಾಕಿದರು. ಅದೇ ಅಧ್ಯಾಯದಲ್ಲಿ ಜೀವಿಗಳನ್ನು ಕಟ್ಟಿಹಾಕುವುದು, ಹೊಡೆಯುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನ ತಡೆಯುವುದು ಇವನ್ನು ಅಹಿಂಸಾಣುವ್ರತದ ಅತಿಚಾರಗಳೆಂದೂ ಸುಳ್ಳು ಪತ್ರ ಬರೆಯುವುದನ್ನು ಸತ್ಯಾಣುವ್ರತದ ಅತಿಚಾರವೆಂದೂ ಎಣಿಸಿದರು. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ವಿವರಿಸುತ್ತ ದ್ವಿಪಾದಿ, ಚತುಷ್ಪಾದಿಗಳ ಮಾರಾಟವನ್ನು ಅವುಗಳಲ್ಲಿ ಸೇರಿಸಿದರು. ಮಿತಿಯಿಂದ ನಿಷೇಧದ ಕಡೆಗೆ ಶಾಸ್ತ್ರವೇ ಹೆಜ್ಜೆಯಿಟ್ಟಿದೆ. ಸುಳ್ಳು ಪತ್ರವನ್ನು ಮಾತ್ರ ಪಾಪವೆಂದು ಬಗೆದು, ನಿಜವಾದ ಪತ್ರದ ಮೂಲಕ ಹೊರಿಸಿದ ಅತಿಭಾರವನ್ನು ಕಾಣದಿರುವುದು ಓದುಗರ ಅರೆಓದೇ ಹೊರತು ಶಾಸ್ತ್ರದ ದೋಷವಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವಿದೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ ಇವು ಅದರ ಉಪದೇಶ. ಗಿರ್ನಾರ್ ಮೊದಲಾದೆಡೆಯ ಅವನ ದೊಡ್ಡ ಶಾಸನಗಳು ದಾಸರನ್ನೂ ಕೂಲಿಯವರನ್ನೂ ಸರಿಯಾಗಿ ನಡೆಸಿಕೊಳ್ಳುವುದನ್ನು ಧರ್ಮದ ಲಕ್ಷಣಗಳಲ್ಲಿ ಎಣಿಸುತ್ತವೆ. ಬ್ರಹ್ಮಗಿರಿಯ ಬಂಡೆಯ ಕೊನೆಗೆ ಬರೆದವನ ಹೆಸರಿದೆ: ಚಪಡ, ಲಿಪಿಕಾರ. ಬರೆದವನು ತನ್ನ ಬರಹಕ್ಕೆ ಹೆಸರು ಹಾಕಿ, ಎಲ್ಲರೂ ಕಾಣುವ ಬಂಡೆಯ ಮೇಲೆ ಬಿಟ್ಟುಹೋದ. ಜಮೈಕಾದ ನಮೂನೆಯನ್ನು ಅದರಲ್ಲಿ ಎಣಿಕೆಯಾದವರು ಒಮ್ಮೆಯೂ ಓದಲಿಲ್ಲ. ಜೀತದ ಚೀಟಿಯನ್ನು ಹೆಬ್ಬೆಟ್ಟು ಒತ್ತಿದವನು ಓದಲಿಲ್ಲ.

ಆದ್ದರಿಂದ ಬರುವ ದೀಪಾವಳಿಗೆ ಹೊಸ ಪುಸ್ತಕ ತೆರೆಯುವ ಮನೆತನಗಳೂ ಬಸದಿಗಳ ವಿಶ್ವಸ್ಥ ಮಂಡಳಿಗಳೂ ಕೆಲವು ಸಣ್ಣ ನಿಯಮಗಳನ್ನು ಕೈಗೊಳ್ಳಬಹುದು. ದುಡಿಯುವ ಪ್ರತಿಯೊಬ್ಬರ ಖಾತೆಯ ಪ್ರತಿ ಅವರ ಭಾಷೆಯಲ್ಲಿ ಅವರ ಕೈಯಲ್ಲಿರಲಿ. ಕೊಟ್ಟ ಮುಂಗಡದ ಜೊತೆಗೆ ಅದು ತೀರುವ ದಿನವೂ ಬರೆದಿರಲಿ. ದುಡಿದ ದಿನಗಳಿಗೆ ಜಮೆಯ ಅಂಕಣವಿರಲಿ. ಓದುಬರಹ ಬಾರದವರಿಗೆ ವರ್ಷಕ್ಕೊಮ್ಮೆಯಾದರೂ ಅವರು ನಂಬುವವರ ಎದುರಿನಲ್ಲಿ ಲೆಕ್ಕವನ್ನು ಓದಿ ಹೇಳುವಂತಾಗಲಿ. ಬಸದಿಯ ಪೂಜಾರಿ, ಅಡಿಗೆಯವರು, ಕಸ ಗುಡಿಸುವವರು, ಕಟ್ಟಡದ ಗುತ್ತಿಗೆದಾರ ಕರೆತಂದ ಕೂಲಿಯವರು ಇವರೆಲ್ಲರ ಕೂಲಿ ಕನಿಷ್ಠ ದರಕ್ಕಿಂತ ಕೆಳಗಿದೆಯೇ ಎಂದು ವಿಶ್ವಸ್ಥರು ವಾರ್ಷಿಕ ಸಭೆಯಲ್ಲಿ ಕೇಳಲಿ. ಲೆಕ್ಕಪರಿಶೋಧಕರು ಈ ಪ್ರಶ್ನೆಯನ್ನು ತಾವಾಗಿ ಕೇಳುವುದು ಅಪರೂಪ; ಅಢಾವೆ ಪತ್ರಿಕೆಯ ಎರಡೂ ಬದಿ ತಾಳೆಯಾದರೆ ಅವರ ಕೆಲಸ ಮುಗಿಯಿತು. ಶ್ರಾವಕನ ಕೆಲಸ ಅಲ್ಲಿಂದ ಆರಂಭವಾಗುತ್ತದೆ.